ಹದಿನೇಳನೆಯ ಮರದ ಸದ್ದು

ಮಾರ್ಚ್ 3, ಸೋಮವಾರ. ಸಂಜೆ

ಇವತ್ತು ಹನ್ನೊಂದು ಮರ. ಎರಡು ತಂತಿಗೆ ತಾಗುತ್ತಿದ್ದವು. ಒಂದು ಯಾರದೋ ಕಾರಿನ ಮೇಲೆ ಅಂಟು ಸುರಿಸುತ್ತದಂತೆ. ಕಾರಿನವನು ನನ್ನನ್ನೇ ಬೈದ, ಅಂಟು ಸುರಿಸಿದವಳು ನಾನೇ ಅನ್ನುವ ಹಾಗೆ. ರಿಪೋರ್ಟಿನಲ್ಲಿ ಬರೆದೆ: ಮರ ಆರೋಗ್ಯವಾಗಿದೆ, ಕಾರನ್ನು ಬೇರೆ ಕಡೆ ನಿಲ್ಲಿಸಬಹುದು. ಸಾಹೇಬರು ಎರಡನೆಯ ಮಾತು ಹೊಡೆದುಹಾಕಿದರು.

ಹತ್ತೊಂಬತ್ತು ವರ್ಷದಿಂದ ನಗರಸಭೆಗೆ ಮರ ನೋಡುವ ಕೆಲಸ. ಜನ ಈಗಲೂ ಕೇಳುತ್ತಾರೆ: ನೋಡೋದೇನಿದೆ, ಮರ ಓಡಿಹೋಗುತ್ತಾ?

ಮನೆಗೆ ಬಂದರೆ ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿಲ್ಲ. ಅತ್ತೆ ನಮ್ಮ ಬೀದಿಯ ನಕ್ಷೆ ಹರಡಿಕೊಂಡಿದ್ದಾರೆ. ಬೀದಿಯಲ್ಲಿ ಮೂವತ್ತೊಂದು ಮರ. ಮೂವತ್ತೊಂದು ಮನೆಯವರು ಒಪ್ಪಿದ್ದಾರೆ. ಒಂದು ಮನೆಗೆ ಒಂದು ಮರ. ಚಿತ್ರ ಬರೆಯಲಿ, ಬಟ್ಟೆಯಲ್ಲಿ ಹೊಲಿಯಲಿ, ಮಣ್ಣಲ್ಲಿ ಮಾಡಲಿ — ಇಪ್ಪತ್ತಮೂರನೇ ತಾರೀಕು ಭಾನುವಾರ ಅವರವರ ಮರದ ಕೆಳಗೆ ತಂದಿಡಬೇಕು. ಬೀದಿಗೆ ಬೀದಿಯೇ ಪ್ರದರ್ಶನ.

ಮೂಲೆಯ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದವರು ಅತ್ತೆ. ಈಗ ಕಣ್ಣಿನ ನಡುವೆ ಕಪ್ಪು ಮಚ್ಚೆ. ಅಂಚು ಮಾತ್ರ ಕಾಣುತ್ತದೆ. "ನಿನ್ನ ಮುಖ ಕಾಣಲ್ಲ ಕಣೇ, ಕಿವಿ ಎರಡೂ ಚೆನ್ನಾಗಿ ಕಾಣುತ್ತೆ" ಎನ್ನುತ್ತಾರೆ. ಡಾಕ್ಟರು ಹೇಳಿದ್ದು — ಅಂಚೂ ಈ ವರ್ಷ ಉಳಿದರೆ ಹೆಚ್ಚು.

ನನ್ನ ಗಂಡ, ಬಸ್ ಓಡಿಸುವ ಇವರಿಗೆ ಅತ್ತೆ ನಾಲ್ಕನೇ ಮರ ಕೊಟ್ಟಿದ್ದಾರೆ. ಇವರ ಬಸ್ಸಿನ ಕನ್ನಡಿಗೆ ದಿನಾ ತಾಗುವ ಕೊಂಬೆ ಅದರದೇ. ಡಿಪೋದಲ್ಲಿ ಒಡೆದ ಕನ್ನಡಿ ಎಲ್ಲ ಸೇರಿಸಿ ಅದಕ್ಕೇ ತೂಗುಹಾಕುತ್ತೇನೆ ಅಂದರು. "ಮಾಡಿದ ಪಾಪ ಅದೂ ನೋಡ್ಕೊಳ್ಳಲಿ."

ಅತ್ತೆ ತಮಗೆ ಇಟ್ಟುಕೊಂಡಿರುವುದು ಹದಿನೇಳು. ಮೂಲೆಯ ಮಳೆಮರ, ಬೀದಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ಒಂದು ಪಕ್ಕ ಶಾಲೆಯ ಗೇಟು, ಇನ್ನೊಂದು ಪಕ್ಕ ಟೈಲರಣ್ಣನ ಅಂಗಡಿ.

ಮಾರ್ಚ್ 5, ಬುಧವಾರ

ಅರ್ಧ ದಿನ ರಜೆ. ಅತ್ತೆಯ ಜೊತೆ ಬೀದಿ ಸುತ್ತಿದೆ. ಅವರ ಕೈಯಲ್ಲಿ ಸೀಮೆಸುಣ್ಣ, ನನ್ನ ಕೈಯಲ್ಲಿ ಪಟ್ಟಿ. ನಂಬರು ಬರೆಯುವುದಷ್ಟೇ ಕೆಲಸ. ಆದರೆ ಚೀಲದಲ್ಲಿ ಕೊಡತಿ ಇತ್ತು. ಅಭ್ಯಾಸಬಲ. ಮರದ ಸುತ್ತಿಗೆ ಅದು, ಕಾಂಡಕ್ಕೆ ತಟ್ಟಿ ಸದ್ದು ಕೇಳುವುದಕ್ಕೆ. ಒಳಗೆ ಗಟ್ಟಿಯಿದ್ದರೆ ಮರ ‘ಟಕ್’ ಎನ್ನುತ್ತದೆ. ಅಲ್ಲಿಗೆ ಮಾತು ಮುಗಿಯಿತು.

ಹದಿನೇಳು ಮಾತು ಮುಗಿಸಲಿಲ್ಲ.

‘ಡೊಬ್’. ಒಳಗೆಲ್ಲೋ ಹೋಗಿ ಸುತ್ತಾಡಿ ವಾಪಸ್ಸು ಬಂದ ಸದ್ದು. ಶಾಲೆಯ ಕಡೆ ತಟ್ಟಿದೆ. ಅಂಗಡಿಯ ಕಡೆ ತಟ್ಟಿದೆ. ಅಂಗಡಿಯ ಕಡೆ ಇನ್ನೂ ಕೆಟ್ಟದು.

ಅತ್ತೆ ಗೇಟಿನ ಹತ್ತಿರ ಹೆಡ್‌ಮೇಡಂ ಜೊತೆ ಮಾತಾಡುತ್ತಿದ್ದರು. ತಿರುಗಿ ಕೇಳಿದರು — "ಏನಂತೆ ನನ್ನ ಹುಡುಗ?"

"ಏನೂ ಇಲ್ಲ, ಬನ್ನಿ" ಅಂದೆ.

ಯಾಕೆ ಹಾಗಂದೆ?

ಮಾರ್ಚ್ 6, ಗುರುವಾರ. ಬೆಳಗ್ಗೆ, ಆಫೀಸಿಗೆ ಮುಂಚೆ

ಒಬ್ಬಳೇ ಹೋಗಿದ್ದೆ. ಟೈಲರಣ್ಣ ಇನ್ನೂ ಬಾಗಿಲು ತೆಗೆದಿರಲಿಲ್ಲ. ಬೇರಿನ ಸಂದಿಯಲ್ಲಿ ಅಣಬೆ, ತಟ್ಟೆಯಂಥದ್ದು, ಒಂದರ ಮೇಲೊಂದು. ಪಕ್ಕದಲ್ಲಿ ತೆಳು ಕಬ್ಬಿಣದ ಸರಳು ಚುಚ್ಚಿದೆ. ಒತ್ತಲೇ ಬೇಕಾಗಲಿಲ್ಲ. ಮೊಣಕೈವರೆಗೆ ಹೋಯಿತು. ಹೊರಗೆ ತೆಗೆದರೆ ತುದಿಯಲ್ಲಿ ಒದ್ದೆ ಕಂದು ಪುಡಿ.

ಮೇಲೆ ನೋಡಿದರೆ ಎಲೆ ಹಸಿರೋ ಹಸಿರು. ಹೊರಗೆ ಥಳಕು, ಒಳಗೆ ಹುಳುಕು.

ಇವತ್ತೇ ರಿಜಿಸ್ಟರಿನಲ್ಲಿ ಬರೆಯಬೇಕು. ಬರೆದರೆ ನಾಲ್ಕು ದಿನದಲ್ಲಿ ಗರಗಸ ಬರುತ್ತದೆ. ಅತ್ತೆಯ ಮರ...

ಸುಳ್ಳು. ಅತ್ತೆಯ ಮರ ಎನ್ನುವುದು ಅರ್ಧ. ಇನ್ನರ್ಧ ಇಲ್ಲಾದರೂ ಬರೆಯಬೇಕು. ಹೋದ ಆಗಸ್ಟಿನಲ್ಲಿ ಈ ಬೀದಿಯ ಇನ್‌ಸ್ಪೆಕ್ಷನ್ ನನ್ನದೇ. ಜೋರು ಮಳೆ. ನಾನು ಜೀಪಿನಿಂದ ಇಳಿಯಲಿಲ್ಲ. ಕಿಟಕಿಯಿಂದಲೇ ನೋಡಿ ಮೂವತ್ತೊಂದು ಸಾಲಿಗೂ ‘ಸುಸ್ಥಿತಿಯಲ್ಲಿದೆ’ ಎಂದು ಬರೆದು ಸಹಿ ಹಾಕಿದೆ. ನನ್ನ ಬೀದಿ ತಾನೇ, ದಿನಾ ನೋಡುತ್ತೇನೆ ಎಂದುಕೊಂಡಿದ್ದೆ.

ಈ ಪರಿ ಹುಳುಕು ಆರು ತಿಂಗಳಲ್ಲಿ ಆಗುವುದಲ್ಲ. ಯಾರಿಗಾದರೂ ತಿಳಿಯುತ್ತದೆ.

ಮಾರ್ಚ್ 8, ಶನಿವಾರ

ಅತ್ತೆ ಏನು ಮಾಡುತ್ತಾರೆಂದು ಇವತ್ತು ಗೊತ್ತಾಯಿತು. ಚಿತ್ರ ಬರೆಯುವಷ್ಟು ಕಣ್ಣಿಲ್ಲ. ಅದಕ್ಕೆ ಕಾಂಡದ ಸುತ್ತ ಬಿಳಿ ಬಟ್ಟೆ ಬಿಗಿದು, ಮೇಲಿಂದ ಮೇಣದ ಬಳಪ ಉಜ್ಜುವುದು. ತೊಗಟೆಯ ಒಂದೊಂದು ಗೆರೆಯೂ ಬಟ್ಟೆಯಲ್ಲಿ ಏಳುತ್ತದೆ. ನೋಡಬೇಕಾಗಿಲ್ಲ, ಬೆರಳಿಗೆ ತಿಳಿಯುತ್ತದೆ. ಬುಡದಿಂದ ಆಳೆತ್ತರದವರೆಗೆ ಇಡೀ ಮರದ ಅಚ್ಚು. ಏಳು ಪಟ್ಟಿ, ದಿನಕ್ಕೆ ಅರ್ಧ ಪಟ್ಟಿ.

ಬಟ್ಟೆ ಹೊಲಿದುಕೊಟ್ಟವರು ಟೈಲರಣ್ಣ. ಟೇಪು ಹಿಡಿದು ಮರದ ಸುತ್ತ ಮೂರು ಸಲ ಸುತ್ತಿದರು.

"ಅಕ್ಕಾ, ಸೊಂಟ ನೂರ ತೊಂಬತ್ತು ಇಂಚು! ಇಷ್ಟು ದಪ್ಪದ ಗಿರಾಕಿ ನನ್ನ ಜನ್ಮದಲ್ಲಿ ಬಂದಿರಲಿಲ್ಲ. ಒಂದು ಸಮಾಧಾನ ಏನಂದ್ರೆ, ಟ್ರಯಲ್‌ಗೆ ಬಂದು ‘ಇಲ್ಲಿ ಬಿಗಿ, ಅಲ್ಲಿ ಸಡಿಲ’ ಅಂತ ತಲೆ ತಿನ್ನಲ್ಲ."

ಅತ್ತೆ ಮರಕ್ಕೆ ಕೆನ್ನೆ ಒತ್ತಿ ನಕ್ಕರು. ಶಾಲೆ ಬಿಟ್ಟ ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. ನಾನು ಎಣಿಸಿದೆ. ಹದಿನಾಲ್ಕು ಮಕ್ಕಳು. ಅತ್ತೆ. ಟೈಲರಣ್ಣ. ಅಂಗಡಿಯ ಬೆಂಚಿನ ಮೇಲೆ ಇಬ್ಬರು. ಎಲ್ಲರೂ ಒಂದು ಕೊಂಬೆಯ ಕೆಳಗೆ.

"ನೀನ್ಯಾಕೆ ಮೇಲೇ ನೋಡ್ತಿದ್ದೀಯ?" ಅಂದರು ಅತ್ತೆ. ಮುಖ ಕಾಣುವುದಿಲ್ಲ ಎಂದವರು!

ಮಾರ್ಚ್ 10, ಸೋಮವಾರ

ಸಾಹೇಬರಿಗೆ ಹೇಳಿದೆ. ಬಾಯಿಮಾತಿನಲ್ಲಿ. ರಿಜಿಸ್ಟರ್ ಕೈಯಲ್ಲೇ ಇತ್ತು, ತೆರೆಯಲಿಲ್ಲ.

"ಸಾರ್, ಮೂಲೆ ಮಳೆಮರದ ಸದ್ದು ಸರಿ ಇಲ್ಲ ಅನ್ಸುತ್ತೆ."

"ಅನ್ಸುತ್ತಾ? ನಿಜವಾಗ್ಲೂ ಸರಿ ಇಲ್ವಾ?"

"ಸರಿ ಇಲ್ಲ ಸಾರ್."

ಪೆನ್ನಿನ ಮುಚ್ಚಳ ಹಾಕಿದರು. "ನೋಡಮ್ಮಾ. ಇಪ್ಪತ್ಮೂರಕ್ಕೆ ಅಧ್ಯಕ್ಷರು ಬರ್ತಿದ್ದಾರೆ. ಮರಗಳಿಗೆ ಸನ್ಮಾನ ಅಂತ ಪೇಪರ್‌ನಲ್ಲೆಲ್ಲ ಬಂದಿದೆ. ಈಗ ಹೋಗಿ ಅದೇ ಮರ ಕಡೀತೀವಿ ಅಂದ್ರೆ ನಮ್ಮನ್ನೇ ಕಡೀತಾರೆ. ಇಷ್ಟು ವರ್ಷ ನಿಂತಿದ್ದು ಇನ್ನೆರಡು ವಾರ ನಿಲ್ಲಲ್ವಾ? ಗಾಳಿ ಶುರುವಾಗೋದು ಏಪ್ರಿಲ್‌ಗೆ."

"ಸರಿ ಸಾರ್" ಅಂದೆ.

ಮೆಟ್ಟಿಲಿಳಿಯುವಾಗ ಹಾಯೆನಿಸಿತು. ಇನ್ನು ಅವರ ತಲೆನೋವು. ಗೇಟು ದಾಟುವ ಹೊತ್ತಿಗೆ ಹಾಗೆ ಹಾಯೆನಿಸಿದ್ದಕ್ಕೇ ನಾಚಿಕೆಯಾಯಿತು.

ಮಾರ್ಚ್ 12, ಬುಧವಾರ

ಕೂತಲ್ಲಿ ಕೂರಲಾಗುತ್ತಿಲ್ಲ. ಮಧ್ಯಾಹ್ನ ಊಟ ಬಿಟ್ಟು ಸ್ಕೂಟರ್ ತೆಗೆದುಕೊಂಡು ಮೂಲೆಗೆ ಬಂದೆ. ಮರ ಇದೆ. ವಾಪಸ್ಸು ಹೋದೆ. ನಾಲ್ಕು ಗಂಟೆಗೆ ಮತ್ತೆ ಬಂದೆ. ಇದೆ. ಎಲ್ಲಿಗೆ ಹೋಗುತ್ತದೆ?

ಟೈಲರಣ್ಣನ ಹತ್ತಿರ ಸುಮ್ಮನೆ ಮಾತು ತೆಗೆದೆ.

"ಮೆಷಿನ್ನು, ಬೆಂಚು ಎಲ್ಲ ಸ್ವಲ್ಪ ಆ ಕಡೆಗೆ ಹಾಕ್ಕೊಳ್ಳಿ ಟೈಲರಣ್ಣ."

"ಯಾಕಕ್ಕಾ?"

ಆಗಲೇ ಹೇಳಬೇಕಿತ್ತು. ನಾಲಿಗೆಯ ತುದಿಯಲ್ಲಿತ್ತು. "ಆ ಕಡೆ ಗಾಳಿ ಚೆನ್ನಾಗಿ ಬರುತ್ತೆ" ಅಂದೆ.

"ಗಾಳಿ ಬಂದ್ರೆ ಕತ್ತರಿಸಿದ ಬಟ್ಟೆ ಹಾರಿಹೋಗುತ್ತಕ್ಕಾ! ಇಪ್ಪತ್ತೆರಡು ವರ್ಷ ಈ ನೆರಳಲ್ಲೇ ಕೂತಿದ್ದೀನಿ. ಮದುವೆಯಾದವಳಿಗಿಂತ ಹೆಚ್ಚು ಹೊತ್ತು ಇದರ ಜೊತೆ ಕಳೆದಿದ್ದೀನಿ." ಒಳಗಿನಿಂದ ಹೆಂಡತಿ ಕೂಗಿದಳು, "ಕೇಳಿಸ್ತು!"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಇವರು ರಾತ್ರಿ ಊಟಕ್ಕೆ ಕೂತಾಗ ಕೇಳಿದರು — "ಏನಾಗಿದೆ ನಿಂಗೆ? ಸೆರಗಲ್ಲಿ ಕೆಂಡ ಕಟ್ಕೊಂಡವಳ ಥರ ಆಡ್ತಿದ್ದೀಯ." ಆಫೀಸು ಅಂದೆ.

ಮಾರ್ಚ್ 13

ಅತ್ತೆಗೆ ಮೂರು ಪಟ್ಟಿ ಮುಗಿಯಿತು. ಬೆರಳ ತುದಿ ಎಲ್ಲ ನೀಲಿ ಮೇಣ. ಯಾಕೋ ಎರಡು ದಿನದಿಂದ ಮಾತು ಕಡಿಮೆ. ಸುಸ್ತಿರಬೇಕು.

ಮಾರ್ಚ್ 15, ಶನಿವಾರ

ಬರೆದುಬಿಡುತ್ತೇನೆ. ಸಾಹೇಬರು ಏನಾದರೂ ಅನ್ನಲಿ. ಸೋಮವಾರ ಆಫೀಸು ತೆರೆದ ತಕ್ಷಣ ಮೊದಲ ಕೆಲಸ ಅದೇ.

ಮಾರ್ಚ್ 18, ಮಂಗಳವಾರ

ಭಾನುವಾರ ಬಿತ್ತು. ಸಂಜೆ ನಾಲ್ಕೂ ಕಾಲಿಗೆ.

ಗಾಳಿ ಅನ್ನುವಂಥ ಗಾಳಿಯೇನಲ್ಲ. ಒಣಹಾಕಿದ ಬಟ್ಟೆ ಎದ್ದು ಬಿದ್ದವು, ಅಷ್ಟೆ. ಆಮೇಲೆ ಆ ಸದ್ದು. ಮನೆಯೊಳಗಿದ್ದರೂ ಗೊತ್ತಾಯಿತು ನನಗೆ. ಬರಿಗಾಲಲ್ಲಿ ಓಡಿದೆ.

ಅಂಗಡಿಯ ಕಡೆಯ ದೊಡ್ಡ ಕೊಂಬೆ ಬುಡದಿಂದಲೇ ಕಿತ್ತುಬಂದಿತ್ತು. ತಗಡಿನ ಮುಂಚಾವಣಿ ಮಡಚಿಹೋಗಿತ್ತು. ಬೆಂಚು ಎರಡು ತುಂಡು. ಟೈಲರಣ್ಣ ಮೆಷಿನ್ನಿನ ಕೆಳಗೆ ಅರ್ಧ ನುಗ್ಗಿದ್ದರು. ಅದರಿಂದಲೇ ತಲೆ ಉಳಿಯಿತು. ಬಲಗೈ ಹೊರಗಿತ್ತು.

ನಾನು, ಇವರು, ಪಕ್ಕದ ಮನೆಯ ಇಬ್ಬರು ಎಲೆ ಸರಿಸಿ ಎತ್ತಿದೆವು. ಅವರು ಕೂಗಲಿಲ್ಲ. "ಅಕ್ಕಾ, ಕತ್ತರಿ ಎಲ್ಲಿ ಬಿತ್ತು ನೋಡಿ, ಯಾರಾದ್ರೂ ತುಳೀತಾರೆ" ಅಂದರು. ಆಮೇಲೆ ಪ್ರಜ್ಞೆ ತಪ್ಪಿತು.

ಭುಜ, ಮೊಣಕೈ ಎರಡೂ ಮುರಿದಿದೆ. ನಿನ್ನೆ ಆಪರೇಷನ್ ಮಾಡಿ ರಾಡ್ ಹಾಕಿದ್ದಾರೆ. ಕೈ ಉಳಿಯುತ್ತದೆ. ಕತ್ತರಿ ಹಿಡಿಯುತ್ತದೋ ಇಲ್ಲವೋ ಹೇಳಲಾಗದು ಅಂದರಂತೆ. ಅಂದರಂತೆ — ನಾನು ಆಸ್ಪತ್ರೆಯ ಕಾರಿಡಾರ್‌ವರೆಗೆ ಹೋಗಿ ವಾಪಸ್ಸು ಬಂದೆ.

ಶಾಲೆಗೆ ರಜೆಯಿತ್ತು. ಭಾನುವಾರವಾದ್ದರಿಂದ... ಅಷ್ಟೇ ಬರೆಯಬಲ್ಲೆ.

ಮಾರ್ಚ್ 18, ಮತ್ತೆ. ಸಂಜೆ

ಸಾಹೇಬರು ಕರೆಸಿದ್ದರು. ಬಾಗಿಲು ಹಾಕಿದರು.

"ಪ್ರಕೃತಿ ವಿಕೋಪ. ಗಾಳಿಗೆ ಕೊಂಬೆ ಬಿತ್ತು. ಹದಿನೇಳನೇ ತಾರೀಕು ಹಾಕಿ ರಿಪೋರ್ಟ್ ಬರೀರಿ — ಘಟನೆಯ ನಂತರ ಪರಿಶೀಲಿಸಲಾಗಿ ಕಾಂಡದಲ್ಲಿ ದೋಷ ಕಂಡುಬಂದಿದೆ. ನೀವೂ ಬಚಾವ್, ನಾನೂ ಬಚಾವ್."

ಎದ್ದುಬಂದೆ.

ಬೀದಿಯಲ್ಲಿ ಇನ್ನೊಂದು ಕಥೆ. ಮರಕ್ಕೆ ಜನ ಬಟ್ಟೆ ಕಟ್ಟಿದ್ದಾರೆ, ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ. ಮಕ್ಕಳು ಚೀಟಿ ಅಂಟಿಸಿವೆ: ‘ಬೇಗ ಹುಷಾರಾಗು’. ಮರಕ್ಕೆ! ಬಿದ್ದದ್ದು ಒಂದು ಕೊಂಬೆ, ಅದಕ್ಕೆ ಮರವನ್ನೇ ಕಡಿಯುವುದುಂಟೇ ಎಂದು ಸಹಿ ಹಾಕಿಸುತ್ತಿದ್ದಾರೆ. ನಮ್ಮ ಮನೆಗೂ ಬಂದರು. "ಮೇಡಂ, ನೀವು ನಗರಸಭೆಯವರು, ನಿಮ್ಮ ಸಹಿ ಮೊದಲು ಇರ್ಲಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಯಾರೂ ಕಳ್ಳ ಎನ್ನದೆಯೂ ನನ್ನ ಕೈ ಹೆಗಲ ಮೇಲೇ ಇದೆ.

ಮಾರ್ಚ್ 19, ಬುಧವಾರ. ಬೆಳಗ್ಗೆ

ಅಡುಗೆಮನೆಯಲ್ಲಿ ಅತ್ತೆ ಎದುರು ಕೂತು ಹೇಳಿಬಿಟ್ಟೆ. ಐದನೇ ತಾರೀಕಿನ ಸದ್ದು, ಆರನೇ ತಾರೀಕಿನ ಸರಳು, ಆಗಸ್ಟಿನ ಜೀಪು, ಎಲ್ಲ.

ಅತ್ತೆ ಟೀ ಲೋಟ ಕೆಳಗಿಟ್ಟರು. ಇಟ್ಟ ಜಾಗ ತಪ್ಪಿ ಟೀ ಚೆಲ್ಲಿತು. ಒರೆಸಲಿಲ್ಲ.

"ನಾನೂ ಕೇಳಿದ್ದೆ ಕಣೇ."

ನನಗೆ ಅರ್ಥವಾಗಲಿಲ್ಲ.

"ಮೂರನೇ ಪಟ್ಟಿ ಉಜ್ಜುವಾಗ. ಬಳಪ ಒಂದು ಕಡೆ ಸರ್ ಅಂತಿತ್ತು. ಅಂಗಡಿ ಕಡೆ ಬಂದಾಗ ತಮಟೆ ಮೇಲೆ ಉಜ್ಜಿದ ಹಾಗೆ. ಕೈಗೇ ಗೊತ್ತಾಯ್ತು. ಕಣ್ಣು ಹೋದ್ಮೇಲೆ ಕೈ ಸುಳ್ಳು ಹೇಳಲ್ಲ."

"ಗೊತ್ತಿದ್ದೂ ದಿನಾ ಮಕ್ಕಳನ್ನ ಸುತ್ತ ನಿಲ್ಲಿಸ್ಕೊಂಡ್ರಾ?"

"ನೀನು ತಟ್ಟಿ ನೋಡಿದ್ದೆಯಲ್ಲ. ಏನೂ ಇಲ್ಲ ಅಂದ್ಯಲ್ಲ. ಅದನ್ನೇ ಹಿಡ್ಕೊಂಡೆ. ಇವಳೇ ಇಲ್ಲ ಅಂದ್ಮೇಲೆ ನಾನ್ಯಾಕೆ ಕೇಳ್ಲಿ? ಏಳು ಪಟ್ಟಿ ಮುಗೀಲಿ, ಆಮೇಲೆ ಕೇಳಿದ್ರಾಯ್ತು... ಇದೊಂದು ಮುಗಿದುಬಿಡ್ಲಿ ಅಂತ."

"ನಾನು ಹೇಳದೆ ಇದ್ದಿದ್ದು ನಿಮಗೋಸ್ಕರ!" ಕೂಗಿದೆ. ಇಪ್ಪತ್ತಮೂರು ವರ್ಷದಲ್ಲಿ ಅತ್ತೆಯ ಮುಂದೆ ದನಿ ಎತ್ತಿದ್ದು ಇದೇ ಮೊದಲು.

"ನನಗೋಸ್ಕರ ಅರ್ಧ" ಅಂದರು ಅತ್ತೆ. "ಈಗ ತಾನೇ ನೀನೇ ಹೇಳಿದೆ, ಜೀಪು ಅಂತ. ನನ್ನ ಹೆಗಲ ಮೇಲೆ ಪೂರ್ತಿ ಹಾಕ್ಬೇಡ. ನನ್ನ ಪಾಲು ನನಗೇ ಸಾಕಷ್ಟಿದೆ."

ಒಂದೇ ಮನೆ. ಒಂದೇ ಮೇಜು. ಇಬ್ಬರಿಗೂ ಗೊತ್ತಿತ್ತು. ಒಬ್ಬರ ಮುಖ ಒಬ್ಬರು ನೋಡದೆ ಒಂದು ವಾರ ಅನ್ನ ಉಂಡೆವು.

ಅತ್ತೆ ಅತ್ತರು. ನನಗೆ ಅಳು ಬರಲಿಲ್ಲ. ಚೆಲ್ಲಿದ ಟೀ ಒರೆಸಿದೆ.

ಮಾರ್ಚ್ 20, ಗುರುವಾರ

ಬೆಳಗ್ಗೆ ರಿಪೋರ್ಟ್ ಬರೆದೆ. ನಿಜವಾದ ತಾರೀಕುಗಳೊಂದಿಗೆ. ಆಗಸ್ಟು, ಐದು, ಆರು, ಹತ್ತು. ಹತ್ತರಂದು ಯಾರಿಗೆ ಹೇಳಿದೆ, ಅವರು ಏನಂದರು ಎಂಬುದೂ ಸೇರಿ. ಟಪಾಲು ವಿಭಾಗದಲ್ಲಿ ಮುದ್ರೆ ಹಾಕಿಸಿ ಒಂದು ಪ್ರತಿ ಇಟ್ಟುಕೊಂಡೆ. ಸಾಹೇಬರು ಓದಿ ಕನ್ನಡಕ ತೆಗೆದರು. "ಹೊತ್ತಿ ಉರಿಯೋ ಮನೇಲಿ ನಿಂತ್ಕೊಂಡು ಬೆಂಕಿಪೊಟ್ಟಣ ತೋರಿಸ್ತಿದ್ದೀಯಲ್ಲಮ್ಮಾ" ಅಂದರು. ನಿಜ.

ಸಂಜೆ ಶಾಲೆಯ ಹಾಲಿನಲ್ಲಿ ಬೀದಿಯವರ ಸಭೆ. ಎಲ್ಲ ಕುರ್ಚಿ ತುಂಬಿದ್ದವು. ಹೆಡ್‌ಮೇಡಂ ಶುರು ಮಾಡುವ ಮೊದಲೇ ಪಾಯಿಂಟ್ ಸಾರ್ ಎದ್ದರು — ನಿವೃತ್ತ ಮ್ಯಾನೇಜರು. ಪ್ರತಿ ಮಾತಿಗೂ ‘ನನ್ನದೊಂದು ಪಾಯಿಂಟು’ ಅನ್ನುವುದಕ್ಕೆ ಬೀದಿ ಇಟ್ಟ ಹೆಸರು. "ನನ್ನದೊಂದು ಪಾಯಿಂಟು. ಮನುಷ್ಯನ ಕೈ ಮುರಿದ್ರೆ ಮನುಷ್ಯನ್ನ ಸಾಯಿಸ್ತೀವಾ? ಹಾಗೇ ಮರ." ಚಪ್ಪಾಳೆ.

ಎದ್ದೆ. ಮುಂದಿನ ಕುರ್ಚಿ ಹಿಡಿದುಕೊಂಡೆ.

"ಆ ಮರ ಒಳಗೆ ಟೊಳ್ಳು. ನನಗೆ ಐದನೇ ತಾರೀಕೇ ಗೊತ್ತಿತ್ತು. ಹೇಳಲಿಲ್ಲ."

ಹೊರಗೆ ಯಾರೋ ಸೈಕಲ್ ಸ್ಟ್ಯಾಂಡ್ ಹಾಕಿದ್ದು ಕೇಳಿಸಿತು.

"ಗೊತ್ತಿತ್ತಾ?" ಪಾಯಿಂಟ್ ಸಾರ್. "ಗೊತ್ತಿದ್ದೂ ಅವನನ್ನ ಅಲ್ಲೇ ಕೂರಿಸಿದ್ರಾ?"

"ಹೌದು."

ಹಿಂದಿನಿಂದ ಯಾರೋ ಹೆಂಗಸು, "ನನ್ನ ಮಗಳು ದಿನಾ ಅಲ್ಲಿ ನಿಂತಿರ್ತಾಳೆ! ಥೂ!" ಅಂದಳು. ಇನ್ನೂ ಏನೇನೋ. ಎಲ್ಲ ಬರೆಯುವುದಿಲ್ಲ. ತಪ್ಪಾದದ್ದನ್ನೇನೂ ಅವರು ಹೇಳಲಿಲ್ಲ.

ಆಗ ಅತ್ತೆ ಎದ್ದರು. ಯಾವ ಕಡೆ ತಿರುಗಬೇಕೆಂದು ತಿಳಿಯದೆ ಗೋಡೆಯ ಕಡೆ ಮುಖ ಮಾಡಿ ನಿಂತರು. ಯಾರೂ ತಿರುಗಿಸಲಿಲ್ಲ. "ನನಗೂ ಗೊತ್ತಿತ್ತು" ಅಂದರು ಗೋಡೆಗೆ. "ನಾನು ಇಲ್ಲಿರೋ ಅರ್ಧ ಜನಕ್ಕೆ ಪಾಠ ಹೇಳಿದವಳು. ನೋಡಿದ್ದನ್ನ ನೋಡಿದ ಹಾಗೇ ಬರೀಬೇಕು ಅಂತ ಕೈ ಹಿಡಿದು ತಿದ್ದಿದವಳು. ನನ್ನ ಬಟ್ಟೆ ಮುಗೀಲಿ ಅಂತ ಸುಮ್ನಿದ್ದೆ. ಮರ ಇಳಿಸಿ. ನಾಳೆಯೇ ಇಳಿಸಿ."

ನಾನು ಹೋಗಿ ಕೈ ಹಿಡಿದು ಬಾಗಿಲ ಕಡೆ ತಿರುಗಿಸಿದೆ. ಜನ ದಾರಿ ಬಿಟ್ಟರು. ಗೌರವಕ್ಕಲ್ಲ.

ಮಾರ್ಚ್ 22, ಶನಿವಾರ

ಎರಡು ದಿನ ಹಿಡಿಯಿತು. ಕ್ರೇನು, ಹಗ್ಗ, ಮೇಲಿನಿಂದ ತುಂಡು ತುಂಡಾಗಿ. ನಾನು ಗರಗಸದವರ ಜೊತೆ ನಿಂತಿದ್ದೆ. ನಿಲ್ಲಬೇಕೆಂದು ಯಾರೂ ಹೇಳಿರಲಿಲ್ಲ.

ಬುಡ ಬಿದ್ದಾಗ ಒಳಗೆ ಕಂಡಿತು. ಒಬ್ಬರು ಕಾಲು ಮಡಚಿ ಕೂರುವಷ್ಟು ಜಾಗ. ಗೋಡೆ ಗೇಣಿನಷ್ಟು, ಅಂಗಡಿಯ ಕಡೆ ನಾಲ್ಕು ಬೆರಳು. ನಾಲ್ಕು ಬೆರಳ ಮೇಲೆ ಅಷ್ಟು ಹಸಿರು ಹೊತ್ತು ನಿಂತಿತ್ತು. ಸಹಿ ಹಾಕಿಸಿದವರೆಲ್ಲ ಬಂದು ಬಗ್ಗಿ ನೋಡಿದರು. ಪಾಯಿಂಟ್ ಸಾರ್ ಕೂಡ.

ಗರಗಸದ ಮೇಸ್ತ್ರಿ ಕೇಳಿದ, ಲಾರಿಗೆ ಹಾಕೋದಾ? ಅತ್ತೆ ತಡೆದರು. ಉಳಿದ ಎರಡೂವರೆ ಪಟ್ಟಿ ಮಲಗಿದ ಮರದ ಮೇಲೇ ಉಜ್ಜಿದರು, ಬಿಸಿಲಲ್ಲಿ ಮಂಡಿಯೂರಿ. ಬಟ್ಟೆ ಎಳೆದು ಹಿಡಿಯಲು ನಾಲ್ಕು ಕೈ ಬೇಕು. ನಾನೊಬ್ಬಳೇ ಇದ್ದೆ. ಸ್ವಲ್ಪ ಹೊತ್ತಿಗೆ ಹೆಡ್‌ಮೇಡಂ ಬಂದು ಆ ತುದಿ ಹಿಡಿದರು.

ಕೊಂಬೆ ಕಿತ್ತ ಜಾಗದ ಅಚ್ಚೂ ಬಂತು. ಗೆರೆಗಳು ಓಡಿ ಬಂದು ಅಲ್ಲಿ ನಿಂತುಬಿಡುತ್ತವೆ. ಮಧ್ಯೆ ಬರೀ ಬಿಳಿ ಬಟ್ಟೆ.

ಮಾರ್ಚ್ 23, ಭಾನುವಾರ

ಅಧ್ಯಕ್ಷರಿಗೆ ತುರ್ತು ಕೆಲಸ ಬಂತಂತೆ. ಮೈಕೂ ಇಲ್ಲ, ಹಾರವೂ ಇಲ್ಲ. ಪ್ರದರ್ಶನ ಆಯಿತು.

ಎಂಟನೇ ಮರಕ್ಕೆ ಒಂದು ಮನೆಯವರು ಅಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನೆಲ್ಲ ಮಣ್ಣಿನಲ್ಲಿ ಮಾಡಿದ್ದರು. ಒಂದು ಕಾಗೆ ಕೋಳಿಯ ಹಾಗೆ ಕಾಣುತ್ತಿತ್ತು. ಇವರ ಕನ್ನಡಿಗಳು ಬಿಸಿಲಿಗೆ ಇಡೀ ಬೀದಿಯ ಗೋಡೆಗಳ ಮೇಲೆ ಬೆಳಕು ಕುಣಿಸಿದವು. ಜನ ನಕ್ಕರು. ನಮ್ಮನ್ನು ಕಂಡಾಗ ನಗು ನಿಲ್ಲುತ್ತಿತ್ತು.

ಹದಿನೇಳರ ಜಾಗದಲ್ಲಿ ನಾಲ್ಕು ಕಂಬಕ್ಕೆ ಸುತ್ತ ಹಗ್ಗ ಕಟ್ಟಿ ಅತ್ತೆಯ ಬಟ್ಟೆ ಇಳಿಬಿಟ್ಟೆವು. ಮರದಷ್ಟೇ ಅಗಲದ ಸುತ್ತು, ಒಳಗೆ ಹೋಗಲು ಒಂದು ಸಂದಿ. ಜನ ಒಬ್ಬೊಬ್ಬರಾಗಿ ಒಳಗೆ ಹೋಗಿ ನಿಂತು ಬಂದರು. ‘ಥೂ’ ಎಂದಿದ್ದ ಹೆಂಗಸೂ ಹೋದಳು, ಮಗಳ ಕೈ ಬಿಗಿಯಾಗಿ ಹಿಡಿದು. ಹೊರಗೆ ಬಂದು ನನ್ನ ಕಡೆ ನೋಡಿದಳು. ಬೈಯಲಿಲ್ಲ. ಮಾತೂ ಆಡಿಸಲಿಲ್ಲ.

ಅತ್ತೆ ಮನೆಯಲ್ಲೇ ಉಳಿದಿದ್ದರು. ನೋಡಲು ಬರಲಿಲ್ಲ.

ಮಾರ್ಚ್ 24

ಸಸ್ಪೆಂಡ್. ವಿಚಾರಣೆ ಮುಗಿಯುವವರೆಗೆ. ಸಾಹೇಬರಿಗೂ ನೋಟಿಸ್ ಬಂದಿದೆಯಂತೆ. ಕೊಡತಿ, ಐಡಿ ಕಾರ್ಡು ಒಪ್ಪಿಸಿ ಬಂದೆ.

ಮಾರ್ಚ್ 26, ಬುಧವಾರ

ಟೈಲರಣ್ಣ ಮನೆಗೆ ಬಂದು ಎರಡು ದಿನವಾಯಿತು. ಇವರು ಹೇಳಿದರು, "ಸಭೇಲಿ ನೂರು ಜನದ ಮುಂದೆ ಹೇಳೋದು ಸುಲಭ. ಅವನ ಮುಂದೆ ಹೇಳು ಹೋಗು."

ಹೋದೆ. ಅಂಗಡಿಯ ಹಿಂದಿನ ಎರಡು ಕೋಣೆ. ಹೆಂಡತಿ ಬಾಗಿಲಲ್ಲೇ ನಿಂತಳು. "ಬಲಗೈ ಅದು" ಅಂದಳು. "ನಿಮಗೆ ಗೊತ್ತಿತ್ತು." ಆಮೇಲೆ ಪಕ್ಕಕ್ಕೆ ಸರಿದಳು.

ಮಂಚದ ಮೇಲೆ ಒರಗಿ ಕೂತಿದ್ದರು. ಕೈ ಭುಜದಿಂದ ಬೆರಳವರೆಗೆ ಬಿಗಿದು ಕಟ್ಟಿದೆ. ಬೆರಳು ಊದಿವೆ. ನಾನು ಹೇಳಬೇಕೆಂದು ಜೋಡಿಸಿಕೊಂಡು ಹೋದ ಮಾತೆಲ್ಲ ಮರೆತೆ.

"ಅಕ್ಕಾ, ಬೆಂಚು ಆ ಕಡೆ ಹಾಕು ಅಂದ್ರಲ್ಲ. ಯಾಕೆ ಅಂತ ಕೇಳಿದ್ದೆ ನಾನು."

"ಕೇಳಿದ್ರಿ."

"ಗಾಳಿ ಅಂದ್ರಿ."

"ಹೆದರಿಕೆ ಆಗಿತ್ತು ಟೈಲರಣ್ಣ. ಹೋದ ವರ್ಷ ನೋಡದೇ ಸಹಿ ಹಾಕಿದ್ದೆ. ಕೆಲಸ ಹೋಗುತ್ತೆ ಅಂತ. ಅತ್ತೆ ಬಟ್ಟೇನೂ ಮುಗೀಲಿ ಅಂತ. ಎರಡೂ."

ಎಡಗೈಯಿಂದ ಊದಿದ ಬೆರಳುಗಳನ್ನು ಸವರಿಕೊಂಡರು. ಆಮೇಲೆ, "ಅಂಗಡಿಗೆ ಈಗ ಬೆಳಕು ಜಾಸ್ತಿ ಬಂದಿದೆ. ಲೈಟ್ ಹಾಕದೆ ಸೂಜಿಗೆ ದಾರ ಪೋಣಿಸಬಹುದು. ಹಾಗನ್ನೋಕೆ ಇಷ್ಟ ಇಲ್ಲ ನಂಗೆ. ಆದ್ರೆ ಬಂದಿದೆ." ಗೋಡೆಯ ಕಡೆ ತಿರುಗಿದರು. "ಹೋಗ್ಬನ್ನಿ."

ಮಾರ್ಚ್ 31, ಸೋಮವಾರ

ಬೆಳಗ್ಗೆ ಟೈಲರಣ್ಣನ ಹೆಂಡತಿಯೇ ಬಂದಳು. ಚಪ್ಪಲಿ ಬಿಡಲಿಲ್ಲ, ಕೂರಲಿಲ್ಲ.

"ಮನೇಲಿ ಸುಮ್ನೆ ಕೂತಿದ್ದೀರಂತೆ."

"ಹೌದು."

"ಶಾಲೆ ಯೂನಿಫಾರ್ಮ್ ಒಪ್ಕೊಂಡಿದ್ದು ನೂರಾ ನಲವತ್ತಿದೆ. ಹೊಲಿಯೋದು ನಾನು ಹೊಲೀತೀನಿ. ಕತ್ತರಿಸೋಕೆ ನಂಗೆ ಬರಲ್ಲ. ಅವರು ಪಕ್ಕದಲ್ಲಿ ಕೂತು ಹೇಳ್ತಾರೆ. ನೀವು ಕತ್ತರಿಸಿ. ಮಾಫಿ ಆಯ್ತು ಅಂದ್ಕೋಬೇಡಿ. ಕೈ ಬೇಕು, ಅದಕ್ಕೆ ಬಂದೆ."

ಅತ್ತೆ ಒಳಗಿನಿಂದ, "ಕಾಜಾ ಹೊಲಿಯೋಕೆ ಕಣ್ಣು ಬೇಡ, ನನ್ನನ್ನೂ ಕರ್ಕೊಂಡು ಹೋಗ್ರೇ" ಅಂದರು.

ಅವಳು ಸ್ವಲ್ಪ ಯೋಚಿಸಿದಳು. "ಟೀಚರ್‌ಗೆ ಕುರ್ಚಿ ನೀವೇ ತನ್ನಿ" ಅಂದಳು.

ಏಪ್ರಿಲ್ 3, ಗುರುವಾರ

ಬೆರಳಲ್ಲಿ ಬೊಬ್ಬೆ. ಆರು ಶರ್ಟಿನ ಬಟ್ಟೆ ಹಾಳುಮಾಡಿದೆ. ಕತ್ತರಿ ಭಾರ, ನನ್ನ ಕೈಗೆ ದೊಡ್ಡದು. ಟೈಲರಣ್ಣ ಮೊದಲ ದಿನ ಮಾತೇ ಆಡಲಿಲ್ಲ, ಎಡಗೈ ಬೆರಳಲ್ಲಿ ತೋರಿಸಿದರು. ನಿನ್ನೆ ಬೈದರು. "ಮರ ಕಡಿಯೋ ಹಾಗೆ ಕಡೀಬೇಡಿ!" ಮೂಲೆಯಲ್ಲಿ ಅತ್ತೆಯ ಸೂಜಿ ನಿಂತಿತು.

ಬೈದದ್ದು ಒಳ್ಳೆಯದೆನಿಸಿತು.

ವಿಚಾರಣೆ ಹದಿನಾಲ್ಕಕ್ಕೆ. ಕೆಲಸ ಉಳಿದರೂ ಇನ್‌ಸ್ಪೆಕ್ಷನ್ ಕೊಡುವುದಿಲ್ಲ, ಸಸಿ ಬೆಳೆಸುವ ಕಡೆ ಹಾಕಬಹುದು ಎನ್ನುತ್ತಾರೆ. ಉಳಿದ ಮೂವತ್ತು ಮರಗಳನ್ನೂ ಹೊಸಬರು ಬಂದು ತಟ್ಟಿ ನೋಡಿದರಂತೆ. ಇಳಿದು, ನಡೆದು, ಒಂದೊಂದನ್ನೂ.

ಏಪ್ರಿಲ್ 5, ಶನಿವಾರ. ಸಂಜೆ

ನನ್ನ ತಪ್ಪು ಏನೆಂದು ಇವತ್ತು ಟೈಲರಣ್ಣ ಹಿಡಿದರು. ಗೆರೆಯ ಅರ್ಧಕ್ಕೆ ಬಂದಾಗ ಹೆದರಿ ಕತ್ತರಿ ನಿಲ್ಲಿಸುತ್ತೇನೆ. ನಿಲ್ಲಿಸಿದ ಕಡೆ ಅಂಚಿಗೆ ಹಲ್ಲು ಬೀಳುತ್ತದೆ.

"ಹೆದ್ರಿಕೆ ಬಂದ್ರೂ ಹೋಗ್ತಾ ಇರಿ" ಅಂದರು. "ನಿಲ್ಲಿಸೋದಾದ್ರೆ ಶುರು ಮಾಡೋ ಮುಂಚೆ ನಿಲ್ಲಿಸ್ಬೇಕು."

ಹೊಸ ಬಟ್ಟೆ ಹಾಸಿದೆ. ಬೆನ್ನಿನ ಭಾಗ, ಉದ್ದ ಗೆರೆ. ಒಂದೇ ಉಸಿರಿನಲ್ಲಿ ಹೋದೆ. ಕೊನೆಯವರೆಗೆ. ಹೆಂಡತಿ ಮೆಷಿನ್ ನಿಲ್ಲಿಸಿ ನೋಡುತ್ತಿದ್ದಳು. ಟೈಲರಣ್ಣ ತುಂಡನ್ನು ಎಡಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಅಂಚಿನ ಉದ್ದಕ್ಕೂ ಬೆರಳು ಓಡಿಸಿದರು. ಚೆನ್ನಾಗಿದೆ ಅನ್ನಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ತುಂಡನ್ನು ಹೊಲಿಯುವ ಕಡೆಗೆ ಹಾಕಿ, ಇನ್ನೊಂದು ಬಟ್ಟೆಯನ್ನು ನನ್ನ ಮುಂದಕ್ಕೆ ತಳ್ಳಿದರು.